ಮೂರನೇ ಪುಟಕ್ಕೆ ಎದ್ದು ಹೋದ ತಮ್ಮ

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಬಿ.ಎಡ್. ಮುಗಿಸಿದ್ದೇನೆ. ಹೈಸ್ಕೂಲು ಮಕ್ಕಳಿಗೆಂದು ಒಂದು ಕಾದಂಬರಿ ಬರೆದಿದ್ದೇನೆ. ಮೂವರು ಹುಡುಗರು ನಮ್ಮ ಕೋಟೆಯಲ್ಲಿ ಸುರಂಗ ಹುಡುಕಿ ನಿಧಿ ಪತ್ತೆ ಮಾಡುವ ಕಥೆ. ಒಂಬತ್ತನೇ ಕ್ಲಾಸಿನ ನನ್ನ ತಮ್ಮನಿಗೆ ಓದಲು ಕೊಟ್ಟರೆ ಮೂರನೇ ಪುಟಕ್ಕೇ ಎದ್ದು ಹೋದ. ಒಬ್ಬ ಪ್ರಕಾಶಕರು 25 ಸಾವಿರ ಕೊಟ್ಟರೆ ಪುಸ್ತಕ ಮಾಡಿಕೊಡುತ್ತಾರಂತೆ. ಅಪ್ಪ ಎಫ್‌ಡಿಎ ಪರೀಕ್ಷೆಗೆ ಓದು ಅಂತಾರೆ. ಹದಿಹರೆಯದವರಿಗೆ ಬರೆದುಕೊಂಡೇ ಬದುಕಬಹುದಾ? ಮೊದಲ ಅಧ್ಯಾಯ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಚಿತ್ರದುರ್ಗ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಪುಸ್ತಕದ ಬೆಲೆ 120 ರೂಪಾಯಿ ಅಂತಿಟ್ಟುಕೊಳ್ಳಿ. 500 ಪ್ರತಿ ಅಚ್ಚಾಯಿತು, ಗೌರವಧನ ನೂರಕ್ಕೆ 10. ಒಂದೂ ಉಳಿಯದೆ ಖರ್ಚಾದರೆ ನಿಮ್ಮ ಕೈಗೆ ಬರುವುದು 6,000. ನನಗೆ ಒಂದು ಕಾದಂಬರಿಗೆ ಎರಡು ವರ್ಷ ಹಿಡಿಯುತ್ತದೆ. ದಾವಣಗೆರೆಯಲ್ಲಿ ಕಾಲೇಜಿನ ಎದುರಿಗಿರುವ ನನ್ನ ಜೆರಾಕ್ಸ್ ಅಂಗಡಿ ಪರೀಕ್ಷೆ ಸೀಸನ್ನಿನಲ್ಲಿ ಅಷ್ಟನ್ನು ಮೂರು ದಿನಕ್ಕೆ ದುಡಿಯುತ್ತದೆ. ನಾಲ್ಕು ಪುಸ್ತಕ ಬರೆದವಳು ಇವತ್ತಿಗೂ ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುವುದು ಅದಕ್ಕೇ.

ಅಂಗಡಿ ಬರೀ ಹೊಟ್ಟೆಗೆ ಅಂತಲೂ ಹೇಳಲಾರೆ. ಒಂದು ಸಲ ಕಂಪ್ಯೂಟರಿನಲ್ಲಿ ನನ್ನದೇ ಅಧ್ಯಾಯ ತೆರೆದಿಟ್ಟಿದ್ದೆ. ಹಾಲ್ ಟಿಕೆಟ್ ಪ್ರಿಂಟಿಗೆ ಬಂದ ಪಿಯುಸಿ ಹುಡುಗ ಬಗ್ಗಿ ನೋಡಿ ಕಿಸಕ್ಕನೆ ನಕ್ಕ. ಅಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ "ಗೆಳೆಯಾ, ನನಗೆ ಭಯವಾಗುತ್ತಿದೆ" ಅನ್ನುತ್ತಿದ್ದ. "ನಾವು ಹಿಂಗೆಲ್ಲಿ ಮಾತಾಡ್ತೀವ್ರೀ ಆಂಟಿ?" ಅಂದ. ಮತ್ತೆ ಹೇಗೆ ಅಂತ ಕೇಳಿದೆ. ಒಂದು ಕ್ಷಣ ಯೋಚಿಸಿ, "ಲೇ, ನಂಗ್ಯಾಕೋ ಸರಿ ಅನಸ್ತಿಲ್ಲ, ನಡಿ ಹೋಗಣ" ಅಂದ. ಭಯ ಅನ್ನುವ ಮಾತೇ ಇಲ್ಲ ನೋಡಿ. ಹದಿನಾರರ ಹುಡುಗ ಹೆದರಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಾಲು ತೆಗೆಯುತ್ತಾನೆ. ಅವತ್ತು ಅವನ ಪ್ರಿಂಟಿಗೆ ದುಡ್ಡು ತಗೊಳ್ಳಲಿಲ್ಲ.

ಆದ್ದರಿಂದ ಎಫ್‌ಡಿಎನೋ ಬರವಣಿಗೆಯೋ ಅಂತ ಜಗಳ ಯಾಕೆ? ನಿಮ್ಮ ಹತ್ತಿರ ಬಿ.ಎಡ್. ಇದೆಯಲ್ಲ. ಯಾವುದಾದರೂ ಹೈಸ್ಕೂಲಿಗೆ ಸೇರಿ. ಸಂಬಳದ ಜೊತೆಗೆ ನಿಮ್ಮ ಓದುಗರೇ ದಿನವೂ ಎದುರಿಗೆ ಕೂತಿರುತ್ತಾರೆ.

ಇನ್ನು 25 ಸಾವಿರ. ಕೊಡಬೇಡಿ. ಅವರ ಲಾಭ ನಿಮ್ಮ ಜೇಬಿನಿಂದಲೇ ಬಂದುಬಿಟ್ಟ ಮೇಲೆ ಪುಸ್ತಕ ಮಾರುವ ದರ್ದು ಅವರಿಗೇನಿದೆ? ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆಯುವುದನ್ನು ನೋಡುತ್ತಿರಿ. ಯಾರೇ ಪ್ರಕಟಿಸಲಿ, ಒಪ್ಪಂದ ಕಾಗದದ ಮೇಲಿರಲಿ. ನನ್ನ ಮೊದಲ ಪುಸ್ತಕ ಬಾಯಿಮಾತಿನಲ್ಲೇ ಆಯಿತು. ದುಡ್ಡಿನ ಬದಲು 50 ಪ್ರತಿ ಕಳಿಸಿದರು. ನಮ್ಮತ್ತೆ ಆ ಕಟ್ಟನ್ನು ವರ್ಷಗಟ್ಟಲೆ ಅಕ್ಕಿ ಡಬ್ಬದ ಕೆಳಗೆ ಹಲಗೆ ಥರ ಇಟ್ಟಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಅದು 5 ವರ್ಷಕ್ಕೆ ಅಂತಲೇ ಲೆಕ್ಕ. ಅನುವಾದ, ಆಡಿಯೋ, ಸಿನಿಮಾ ಇವೆಲ್ಲ ಬೇರೆ ಬೇರೆ ಹಕ್ಕುಗಳು. "ಸಮಸ್ತ ಹಕ್ಕುಗಳೂ ಪ್ರಕಾಶಕರಿಗೆ" ಎಂಬ ಸಾಲು ಕಂಡರೆ ಪೆನ್ನಿನ ಕ್ಯಾಪ್ ಹಾಕಿ ಎದ್ದು ಬನ್ನಿ.

ಈಗ ನಿಮ್ಮ ತಮ್ಮನ ವಿಷಯ. ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅವನೇ. ಮೂರನೇ ಪುಟ ತೆಗೆದು ನೋಡಿದೆ. ಏಳುಸುತ್ತಿನ ಕೋಟೆ, ಮದಕರಿನಾಯಕ, ಹೈದರಾಲಿ, 1779, ಓಬವ್ವನ ಕಿಂಡಿ ಎಲ್ಲ ಒಂದೇ ಪುಟದಲ್ಲಿ. ಆ ಪಾಠವನ್ನು ದುರ್ಗದ ಹುಡುಗ ಸ್ಕೂಲಿನಲ್ಲಿ ಕೇಳಿರುತ್ತಾನೆ, ಮನೆಗೆ ಬಂದ ನೆಂಟರಿಗೆ ಕೋಟೆ ತೋರಿಸುವಾಗ ಹತ್ತು ಸಲ ತಾನೇ ಒಪ್ಪಿಸಿರುತ್ತಾನೆ. ಮತ್ತೆ ಯಾಕೆ ಓದ್ತಾನೆ?

ಆದರೆ ಎರಡನೇ ಪುಟದಲ್ಲಿ ನೀವೇ ಒಂದು ಸಾಲು ಬರೆದಿದ್ದೀರಿ: "ನೆಂಟರು ಬಂದಾಗಲೆಲ್ಲ ಅವನ ಭಾನುವಾರ ಹಾಳು." ಅಬ್ಬಾ, ಇದು ಕಥೆ! ಕೆಳಗೆ ಮೈದಾನದಲ್ಲಿ ಮ್ಯಾಚ್ ನಡೀತಿದೆ. ಇವನು ಬೆಂಗಳೂರಿನ ಚಿಕ್ಕಮ್ಮನ ಬ್ಯಾಗು ಹೊತ್ತುಕೊಂಡು ಬಿಸಿಲಲ್ಲಿ ಕಲ್ಲುಮೆಟ್ಟಿಲು ಹತ್ತುತ್ತಿದ್ದಾನೆ. ಅವನ ವಯಸ್ಸಿನ ಕಸಿನ್ ಕಿಂಡಿ ಮುಂದೆ ಸೆಲ್ಫಿಗೆ ಕೂದಲು ಸರಿಮಾಡಿಕೊಳ್ಳುತ್ತಾ "ಇಷ್ಟೇನಾ?" ಅನ್ನುತ್ತಾನೆ. ಸದಾ ಬೇಜಾರಾಗಿದ್ದ ಕೋಟೆಯ ಪರವಾಗಿ ಇವನಿಗೆ ಒಮ್ಮೆಲೇ ರೋಷ ಉಕ್ಕುತ್ತದೆ. ಇದನ್ನು ಅಲ್ಲೇ ಬಿಟ್ಟು ನೀವು ನಿಧಿಯ ಹಿಂದೆ ಓಡಿಬಿಟ್ಟಿರಿ. ನಿಧಿ ಬೇಡ ಅಂತಲ್ಲ, ಸಿಗಲಿ ಬಿಡಿ. ಅದು ಈ ಹುಡುಗನ ಕೈಗೆ ಸಿಗಲಿ. ತಮ್ಮನನ್ನು ಬೈಯಬೇಡಿ. ಯಾವ ಸಾಲಿಗೆ ಎದ್ದೆ ಅಂತ ಕೇಳಿ, ಅಲ್ಲಿಗೊಂದು ಗೆರೆ ಎಳೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ನಮ್ಮ ಪುಸ್ತಕಗಳನ್ನು ಓದುವವರು ಮಕ್ಕಳು, ಕೊಳ್ಳುವವರು ದೊಡ್ಡವರು. ಸ್ಕೂಲು, ಅಪ್ಪ ಅಮ್ಮ, ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಹೀಗೆ. ನನ್ನ ಎರಡನೇ ಪುಸ್ತಕದ 40 ಪ್ರತಿ ಕೊಳ್ಳಲು ಬಂದ ಹೆಡ್‌ಮಾಸ್ಟರ್ ಒಬ್ಬರು, "ಈ ಲೇ, ಹೋಗಲೇ ತೆಗೆದರೆ ತಗೋತೀವಿ" ಅಂದರು. ತೆಗೆಯಲಿಲ್ಲ. 40 ಪ್ರತಿ ಹೋಯ್ತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಅಂಗಡಿ ಇತ್ತಲ್ಲ, ತಡೆದುಕೊಂಡೆ.

ಪ್ರಶ್ನೆ: ನನಗೆ 16 ವರ್ಷ. ನನ್ನ ಕಥೆಗಳನ್ನು ಪುಸ್ತಕ ಮಾಡಲು ಒಬ್ಬರು ಒಪ್ಪಿದ್ದಾರೆ. ಒಪ್ಪಂದಕ್ಕೆ ನಾನೇ ಸಹಿ ಹಾಕಬಹುದಾ ಮೇಡಂ?
– ಪಿಯು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ ಕಣಪ್ಪಾ. 18 ತುಂಬದವರು ಮಾಡಿಕೊಂಡ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಪ್ಪನೋ ಅಮ್ಮನೋ ಓದಿ ನೋಡಿ ನಿನ್ನ ಪರವಾಗಿ ಸಹಿ ಹಾಕಲಿ. ಆದರೆ ಕಥೆಗಳ ಹಕ್ಕು ನಿನ್ನದೇ. ನೀನು ಇರುವವರೆಗೂ, ಆಮೇಲೆ 60 ವರ್ಷವೂ. ಹೊಗಳಿಕೆಗಿಂತ ಮೊದಲು ಎಷ್ಟು ಪ್ರತಿ, ಎಷ್ಟು ಬೆಲೆ ಅಂತ ಕೇಳು.

ಪ್ರಶ್ನೆ: ಕಾದಂಬರಿ ಟೈಪ್ ಮಾಡಲು ಯಾವ ಫಾಂಟ್ ಒಳ್ಳೆಯದು?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಯೂನಿಕೋಡ್ ಫಾಂಟ್ ಯಾವುದಾದರೂ ಸರಿ, ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುತ್ತದೆ. ಹಳೆಯ ಫಾಂಟಿನಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇರುವುದಿಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ. ಮೊನ್ನೆ ಒಬ್ಬ ಹಿರಿಯರು 200 ಪುಟದ ಕಾದಂಬರಿಯನ್ನು ಪೆನ್‌ಡ್ರೈವಿನಲ್ಲಿ ತಂದು ಈ ಕಿಚಡಿ ನೋಡಿ ಕುರ್ಚಿ ಹಿಡಿದುಕೊಂಡೇ ಕೂತರು. ಪರಿವರ್ತಿಸಿಕೊಟ್ಟೆ. ಒತ್ತಕ್ಷರಗಳನ್ನು ಇನ್ನೂ ಇಬ್ಬರೂ ಕೂತು ತಿದ್ದುತ್ತಿದ್ದೇವೆ, ನಿನ್ನೆಗೆ 64ನೇ ಪುಟ.