ಅಮೆರಿಕದ ದಕ್ಷಿಣದವರು ಹೊಸ ವರ್ಷಕ್ಕೆ ಅಲಸಂದೆ ಯಾಕೆ ತಿನ್ನುತ್ತಾರೆ? ಹೇಗೆ ಮಾಡುತ್ತಾರೆ?
ಜನವರಿ 1ರಂದು ಅಲಸಂದೆ ತಿಂದರೆ ವರ್ಷವಿಡೀ ಕೈಯಲ್ಲಿ ಕಾಸು ಓಡಾಡುತ್ತದೆ ಅನ್ನೋದು ಅಲ್ಲಿನ ನಂಬಿಕೆ. ಕಾಳು ಅಂದರೆ ನಾಣ್ಯ. ಬೇಯುವಾಗ ಉಬ್ಬುತ್ತದೆ ಅಲ್ವಾ, ಹಾಗೇ ದುಡ್ಡೂ ಹೆಚ್ಚಲಿ ಅನ್ನುವ ಆಸೆ. ಜೊತೆಗೆ ಬಡಿಸುವ ಕೊಲ್ಲಾರ್ಡ್, ಅಂದರೆ ಎಲೆಕೋಸಿನ ಬಳಗದ ಸೊಪ್ಪು, ಹಸಿರು ನೋಟು. ಮೆಕ್ಕೆಜೋಳದ ಬ್ರೆಡ್ಡು ಚಿನ್ನ.

ಮುಖ್ಯ ಅಡುಗೆಯ ಹೆಸರು ಹಾಪಿನ್ ಜಾನ್. ಕಾಳು ನಮ್ಮ ಕಪ್ಪು ಕಣ್ಣಿನ ಅಲಸಂದೆಯೇ. ರಾತ್ರಿ ನೆನೆಸಿ, ಈರುಳ್ಳಿ ಮತ್ತು ಹೊಗೆ ಹಾಕಿದ ಹಂದಿಮಾಂಸದ ತುಂಡಿನ ಜೊತೆ ಬೇಯಿಸುತ್ತಾರೆ. ಬೆರಳಲ್ಲಿ ಹಿಚುಕಿದರೆ ಮೆತ್ತಗಿರಬೇಕು, ಆದರೆ ಕರಗಿ ಹೋಗಬಾರದು. ಗುಟ್ಟಿರೋದು ಕಟ್ಟಿನಲ್ಲಿ. ಅದನ್ನು ಚೆಲ್ಲದೆ ಅದರಲ್ಲೇ ಅಕ್ಕಿ ಬೇಯಿಸಬೇಕು. ಆಗ ಕಾಳಿನ ರುಚಿ, ಹೊಗೆಯ ಘಮ ಎರಡನ್ನೂ ಒಂದೊಂದು ಅಗುಳೂ ಹೀರಿಕೊಳ್ಳುತ್ತದೆ. ಬೇರೆ ಬೇರೆ ಬೇಯಿಸಿ ಸುಮ್ನೆ ಕಲಸಿದರೆ ಆ ರುಚಿ ಬರುವುದಿಲ್ಲ. ಮಾಂಸ ತಿನ್ನದವರು ಹೊಗೆಯ ಘಮಕ್ಕೆ ಸ್ಮೋಕ್ಡ್ ಪ್ಯಾಪ್ರಿಕಾ, ಅಂದರೆ ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ ಹಾಕಬಹುದು.

ಅಲಸಂದೆ ಅಲ್ಲಿಗೆ ಹೋಗಿದ್ದು ಪಶ್ಚಿಮ ಆಫ್ರಿಕಾದಿಂದ, ಗುಲಾಮರ ಹಡಗುಗಳ ಕಾಲದಲ್ಲಿ. ದಕ್ಷಿಣ ಕರೊಲಿನಾದ ಭತ್ತದ ಗದ್ದೆಗಳಲ್ಲಿ ದುಡಿದವರೂ ಆ ಹಡಗುಗಳಲ್ಲಿ ಗುಲಾಮರಾಗಿ ಬಂದ ಆಫ್ರಿಕಾದ ಜನರೇ. ಅನ್ನಕ್ಕೆ ಕಾಳು ಸೇರಿಸುವ ಕೈರುಚಿ ಅವರದೇ. ಮರುದಿನಕ್ಕೆ ಉಳಿದರೆ ಅದೇ ಅನ್ನದ ಹೆಸರು ಸ್ಕಿಪ್ಪಿನ್ ಜೆನ್ನಿ!