ಬಣ್ಣದ ಡಬ್ಬ ತೆರೆಯುವ ಮೊದಲು

ಓದುಗರ ಪ್ರಶ್ನೆಗಳಿಗೆ ನಮ್ಮ ಪೇಂಟಿಂಗ್ ಮೇಸ್ತ್ರಿಯ ಉತ್ತರ

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಹಳೇ ಮಣ್ಣಿನ ಗೋಡೆಯ ಮನೆ. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುತ್ತಿದ್ದೆವು. ಹೋದ ವರ್ಷ ಮಗ ದುಬಾರಿ ಎಮಲ್ಷನ್ ಹೊಡೆಸಿದ. ಈಗ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಬಣ್ಣ ಕಳಪೆಯೇ ಮೇಸ್ತ್ರಿಗಳೇ?

ಉತ್ತರ: ಬಣ್ಣ ಚೆನ್ನಾಗೇ ಇರಬಹುದು. ಎದ್ದ ಚೂರೊಂದನ್ನು ತಿರುಗಿಸಿ ನೋಡಿ. ಹಿಂದುಗಡೆ ಬಿಳಿ ಪುಡಿ ಅಂಟಿದ್ದರೆ ಬಣ್ಣ ಹಿಡಿದಿರುವುದು ಸುಣ್ಣವನ್ನು, ಗೋಡೆಯನ್ನಲ್ಲ. ವರ್ಷವರ್ಷ ಬಳಿದ ಸುಣ್ಣ ಪದರ ಪದರವಾಗಿ ಕೂತಿರುತ್ತದೆ. ಮೇಲಿನದಂತೂ ಮುಟ್ಟಿದರೆ ಕೈಗೆ ಹತ್ತುತ್ತದೆ. ಎಮಲ್ಷನ್ ಒಣಗುತ್ತಾ ಬಿಗಿಯುವಾಗ ಆ ಪದರವನ್ನೂ ಎಳೆದುಕೊಂಡೇ ಬರುತ್ತದೆ.

ಸಿಮೆಂಟ್ ಗಾರೆಯ ಗೋಡೆಯಾಗಿದ್ದರೆ ಸುಣ್ಣವನ್ನೆಲ್ಲ ಹೆರೆದು, ತೊಳೆದು, ಒಣಗಿಸಿ, ಅಂಗೈ ಉಜ್ಜಿ ನೋಡಿ, ಪುಡಿ ಹತ್ತದಿದ್ದರೆ ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ತಳದ ಕೋಟ್) ಹೊಡೆಯಿರಿ ಅನ್ನುತ್ತಿದ್ದೆ. ನಿಮ್ಮದು ಮಣ್ಣಿನ ಗೋಡೆ, ಅದೂ ಮಲೆನಾಡಿನ ಮಳೆ. ತಳದಿಂದ ತೇವ ಏರುತ್ತದೆ. ಸುಣ್ಣದ ಗೋಡೆಯಲ್ಲಿ ಅದು ತಾನಾಗಿ ಆರಿಹೋಗುತ್ತದೆ. ಎಮಲ್ಷನ್ ಹಿಂದೆ ಸಿಕ್ಕಿಕೊಂಡರೆ ಬಣ್ಣದ ಜೊತೆ ಮಣ್ಣೂ ಉದುರುತ್ತದೆ. ಮಗನಿಗೆ ಬೇಜಾರಾದರೂ ಪರವಾಗಿಲ್ಲ, ಸುಣ್ಣಕ್ಕೇ ವಾಪಸ್ ಹೋಗಿ. ಎಮಲ್ಷನ್ ಪೂರ್ತಿ ತೆಗೆದ ಮೇಲೆ ಗೋಡೆಗೆ ನೀರು ಚಿಮುಕಿಸಿ. ಸೋಸಿದ ಸುಣ್ಣಕ್ಕೆ ಸ್ವಲ್ಪ ಅಂಟು, ಚೂರು ನೀಲಿ ಸೇರಿಸಿ ತೆಳ್ಳಗೆ ಮೂರು ಕೋಟ್ ಬಳಿಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಬಿರಿದು ಉದುರುತ್ತದೆ.

ಪ್ರಶ್ನೆ: ತುಮಕೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರಿಂಗ್ ಮೊನ್ನೆ ಮುಗಿಯಿತು. ಇನ್ನು ಮೂರು ವಾರಕ್ಕೆ ಗೃಹಪ್ರವೇಶ. ಅಷ್ಟರಲ್ಲಿ ಪುಟ್ಟಿ (ಗೋಡೆ ನಯ ಮಾಡುವ ಲೇಪ), ಪ್ರೈಮರ್, ಎರಡು ಕೋಟ್ ಬಣ್ಣ ಎಲ್ಲ ಮುಗಿಸಬಹುದು ಅನ್ನುತ್ತಾರೆ ಕಂಟ್ರಾಕ್ಟರ್. ಹೌದಾ?

ಉತ್ತರ: ಮುಗಿಸಬಹುದು. ಉಳಿಯುವುದಿಲ್ಲ ಅಷ್ಟೇ. ಹೊಸ ಗಾರೆಗೆ ಮೊದಲ ಒಂದು ವಾರ ನೀರು ಹಾಕಲೇಬೇಕು. ಆಮೇಲೆ ಒಣಗಲು ಬಿಡಬೇಕು. ಎರಡೂ ಸೇರಿ ಕಡಿಮೆ ಅಂದರೆ 28 ದಿನ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಸಿ ಗಾರೆಯಲ್ಲಿ ಕ್ಷಾರ ಬಹಳ. ಒಳಗಿನ ನೀರು ಹೊರಗೆ ಬರುವಾಗ ಕ್ಷಾರವನ್ನೂ ಉಪ್ಪನ್ನೂ ಹೊತ್ತು ತರುತ್ತದೆ. ಕ್ಷಾರಕ್ಕೆ ಬಣ್ಣ ಅಲ್ಲಲ್ಲಿ ಮಾಸುತ್ತದೆ, ಉಪ್ಪು ಬೆಳ್ಳಗೆ ಮೇಲೇಳುತ್ತದೆ.

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಮರುದಿನ ಬಿಡಿಸಿ ನೋಡಿ. ಒಳಮೈಯಲ್ಲಿ ನೀರಿನ ಹನಿ ಕಂಡರೆ ಅಥವಾ ಆ ಜಾಗ ಕಪ್ಪಗಿದ್ದರೆ ಇನ್ನೂ ಕಾಯಿರಿ. ಬಚ್ಚಲಿನ ಹಿಂಬದಿ ಗೋಡೆಗೂ ಒಂದು ಹಾಳೆ ಅಂಟಿಸಿ, ಮೋಸ ಮಾಡುವುದು ಅದೇ. ಗೃಹಪ್ರವೇಶಕ್ಕೆ ಬಿಳಿ ಸಿಮೆಂಟ್ ಒಂದು ಕೋಟ್ ಸಾಕು. ಬಂದವರು ಊಟದ ಕಡೆ ನೋಡುತ್ತಾರೆ, ಗೋಡೆ ಕಡೆ ಅಲ್ಲ.

ಪ್ರಶ್ನೆ: ಪುಟ್ಟಿ ಮೊದಲೋ ಪ್ರೈಮರ್ ಮೊದಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಇಬ್ಬರೂ ಸರಿ ಇರಬಹುದು, ಪುಟ್ಟಿ ಬೇರೆ ಬೇರೆ. ಬಿಳಿ ಸಿಮೆಂಟ್ ಪುಟ್ಟಿಯಾದರೆ ಗೋಡೆ ಒದ್ದೆ ಮಾಡಿ ನೇರವಾಗಿ ಹಚ್ಚಿ, ಆಮೇಲೆ ಪ್ರೈಮರ್. ಅಕ್ರಿಲಿಕ್ ಪುಟ್ಟಿಯಾದರೆ ಮೊದಲು ಪ್ರೈಮರ್, ನಂತರ ಪುಟ್ಟಿ, ಮತ್ತೆ ಪ್ರೈಮರ್. ಅಕ್ರಿಲಿಕ್ ಪುಟ್ಟಿಯನ್ನು ಹೊರಗೋಡೆಗೆ ಹಾಕಬೇಡಿ. ಸಿಮೆಂಟ್ ಪುಟ್ಟಿ ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಗುಂಡಿಯನ್ನು ಗಾರೆಯಲ್ಲೇ ಮುಚ್ಚಿಸಿ, ಪುಟ್ಟಿ ಗುಂಡಿ ಮುಚ್ಚೋಕಲ್ಲ.

ಪುಟ್ಟಿ ಉಜ್ಜಿದ್ದು ಸರಿಯಾಗಿದೆಯಾ ಅಂತ ಹಗಲಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಅಡ್ಡಡ್ಡ ಬಿಡಿ. ಒಂದೊಂದು ಗೀರಿಗೂ ನೆರಳು ಬೀಳುತ್ತದೆ. ಅಲ್ಲಲ್ಲೇ ಪೆನ್ಸಿಲ್ ಗುರುತು ಹಾಕಿಟ್ಟು ಬೆಳಿಗ್ಗೆ 220 ನಂಬರ್ ಸ್ಯಾಂಡ್ ಪೇಪರ್ ಹಾಕಿ. ಪ್ರೈಮರ್‌ಗೆ ಮುಂಚೆ ಪುಟ್ಟಿ ಧೂಳು ಒರೆಸುವುದನ್ನು ಮರೆಯಬೇಡಿ. ಕೆಲಸದವರು ಬಿಡುವುದೇ ಅದನ್ನು.

ಪ್ರಶ್ನೆ: ಮಲ್ಪೆ ಕಡಲ ಹತ್ತಿರ ಮನೆ. ಜಿ.ಐ. (ಗ್ಯಾಲ್ವನೈಸ್ಡ್ ಐರನ್) ಪೈಪಿನ ಗೇಟಿಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಎನಾಮೆಲ್ ಹಾಕಿಸಿದ್ದೆವು. ಉಗುರು ತಾಗಿದರೆ ಸಿಪ್ಪೆಯೇ ಬರುತ್ತದೆ.

ಉತ್ತರ: ರೆಡ್ ಆಕ್ಸೈಡ್ ಇರುವುದು ಲೇಪವಿಲ್ಲದ ಬರೀ ಕಬ್ಬಿಣಕ್ಕೆ. ನಿಮ್ಮ ಪೈಪಿನ ಮೇಲೆ ಸತುವಿನ ಲೇಪ ಇದೆ. ಬಣ್ಣದಲ್ಲಿರುವ ಎಣ್ಣೆ ಸತುವಿಗೆ ತಾಗಿದರೆ ನಡುವೆ ಸಾಬೂನಿನಂಥ ಪದರವೇ ಹುಟ್ಟುತ್ತದೆ, ಬಣ್ಣ ಜಾರುತ್ತದೆ. ಪೂರ್ತಿ ತೆಗೆಸಿ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಡಲಗಾಳಿಯ ಉಪ್ಪು ಕೆಳಗೆ ಉಳಿದರೆ ಯಾವ ಬಣ್ಣವೂ ಬಾಳುವುದಿಲ್ಲ. ಒಣಗಿದ ಮೇಲೆ ಮೆಲ್ಲಗೆ ಉಜ್ಜಿ. ಸತು ಕಿತ್ತು ಬರುವಷ್ಟು ಬೇಡ. ಗ್ಯಾಲ್ವನೈಸ್ಡ್ ಪೈಪಿಗೆ ಅಂತಲೇ ಸಿಗುವ ವಾಷ್ ಪ್ರೈಮರ್ ಹಾಕಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಮುಂದುವರಿಸಿ. ತುಕ್ಕು ಹಿಡಿದ ವೆಲ್ಡಿಂಗ್ ಜಾಗಗಳಿಗೆ ಮಾತ್ರ ತಂತಿ ಬ್ರಷ್ ಹಾಕಿ ಜಿಂಕ್ ಪ್ರೈಮರ್ ಬಳಿಯಿರಿ.

ಪ್ರಶ್ನೆ: ಅಜ್ಜನ ಕಾಲದ ಹಲಸಿನ ಬಾಗಿಲಿಗೆ ಯಾವ ಬಣ್ಣ ಒಪ್ಪುತ್ತದೆ?

ಉತ್ತರ: ಯಾವುದೂ ಬೇಡ ಮಾರಾಯ್ರೇ. ಮರದ ಎಳೆಯ ಉದ್ದಕ್ಕೇ 120, ಆಮೇಲೆ 220 ನಂಬರ್ ಪೇಪರ್ ಹಾಕಿ ಉಜ್ಜಿ. ಅಡ್ಡ ಉಜ್ಜಿದರೆ ಗೀರು ಪಾಲಿಶ್ ಕೆಳಗೆ ಎದ್ದು ಕಾಣುತ್ತದೆ. ಧೂಳು ಒರೆಸಿ ಪಾಲಿಶ್ ಮಾಡಿಸಿ. ಬಾಗಿಲಿನ ಕೆಳ ಅಂಚಿಗೂ ಕೈ ಹಾಕಲು ಹೇಳಿ, ನೆಲ ಒರೆಸುವ ನೀರು ಹೀರುವುದು ಅಲ್ಲೇ.