ಎದೆಯ ಗಡ್ಡೆಗೆ ಎರಡು ರಾಜ್ಯಗಳ ಕಾಗದ

ನಮ್ಮ ಅಕ್ಕನ ಮಗನ ಎದೆಯಲ್ಲಿರುವುದು ಜರ್ಮ್ ಸೆಲ್ ಗಡ್ಡೆ ಎಂದು ತಿಳಿಸಿದ್ದಕ್ಕೆ, ‘ಅದು ವೃಷಣದ ರೋಗವಲ್ಲವೇ? ಗಡಿಯೂರಿನ ವೈದ್ಯರನ್ನು ನಂಬಬೇಡಿ, ಬೆಂಗಳೂರಿಗೆ ಕರೆತನ್ನಿ’ ಎಂದು ಬರೆದಿದ್ದೀರಿ. ನಿಮ್ಮ ಕಾಳಜಿಗೆ ಋಣಿ. ಆದರೆ ನಾವಿರುವ ಕಾಸರಗೋಡಿನಿಂದ ಮಂಗಳೂರು ಸುಮಾರು ಐವತ್ತು ಕಿಲೋಮೀಟರ್, ಮತ್ತು ಅವನನ್ನು ನೋಡುತ್ತಿರುವ ಅಲ್ಲಿನ ವೈದ್ಯರು ತಪ್ಪಿಲ್ಲ.

ಭ್ರೂಣದ ಮೊದಲ ವಾರಗಳಲ್ಲಿ, ಮುಂದೆ ವೀರ್ಯಾಣು ಅಥವಾ ಅಂಡಾಣುಗಳಾಗಬೇಕಾದ ಮೂಲ ಜೀವಕೋಶಗಳು (ಇವೇ ಜರ್ಮ್ ಸೆಲ್‌ಗಳು) ದೇಹದ ನಡುರೇಖೆಯ ಗುಂಟ ಸಾಗಿ ವೃಷಣ ಅಥವಾ ಅಂಡಾಶಯ ರೂಪುಗೊಳ್ಳುವ ಜಾಗವನ್ನು ಸೇರುತ್ತವೆ. ದಾರಿ ತಪ್ಪಿ ಉಳಿದುಬಿಟ್ಟ ಕೆಲವು ಕೋಶಗಳಿಂದ ವರ್ಷಗಳ ನಂತರ ಇಂತಹ ಗಡ್ಡೆ ಹುಟ್ಟುತ್ತದೆ ಎಂಬುದು ಬಹುತೇಕ ಒಪ್ಪಿತವಾದ ವಿವರಣೆ. ಆದ್ದರಿಂದಲೇ ಅದು ಎದೆಯ ಮುಂಭಾಗದಲ್ಲಿ, ಹೊಟ್ಟೆಯ ಹಿಂಗೋಡೆಯಲ್ಲಿ, ಮೆದುಳಿನ ಪೀನಿಯಲ್ ಗ್ರಂಥಿಯ ಬಳಿ, ಶಿಶುಗಳಲ್ಲಾದರೆ ಬೆನ್ನುಮೂಳೆಯ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ವೃಷಣದಲ್ಲಿ ಹುಟ್ಟಿ ಹರಡಿದ್ದಲ್ಲವೆಂದು ಖಚಿತಪಡಿಸಿಕೊಳ್ಳಲು ಅಲ್ಲಿಯೂ ಸ್ಕ್ಯಾನ್ ಮಾಡಿದ್ದಾರೆ. ಬಯಾಪ್ಸಿಯ ಜೊತೆಗೆ ರಕ್ತದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ಏರಿರುವುದರಿಂದ ಇದು ಜರ್ಮ್ ಸೆಲ್ ಗಡ್ಡೆಗಳಲ್ಲಿ ಚಿಕಿತ್ಸೆಗೆ ಸುಲಭವಾಗಿ ಮಣಿಯುವ ಬಗೆಯಾದ ಶುದ್ಧ ಸೆಮಿನೋಮ ಅಲ್ಲ. ಎದೆಯಲ್ಲಿ ಹುಟ್ಟಿದ ಈ ಇನ್ನೊಂದು ಬಗೆಯನ್ನು, ಬೇರೆಡೆಗೆ ಹರಡದಿದ್ದರೂ, 1997ರ ಅಂತರರಾಷ್ಟ್ರೀಯ ವರ್ಗೀಕರಣವು ಕಠಿಣ ಗುಂಪಿಗೇ ಸೇರಿಸಿದೆ.

ಇವನ್ನೆಲ್ಲ ಅರಗಿಸಿಕೊಂಡೆವು. ಅರಗದೆ ಉಳಿದಿರುವುದು ಕಾಗದ. ಪಡಿತರ ಚೀಟಿ ಕೇರಳದ್ದಾದ್ದರಿಂದ ಕರ್ನಾಟಕದ ಆರೋಗ್ಯ ಯೋಜನೆ ನಮಗಿಲ್ಲ. ಕೇರಳದ ಯೋಜನೆ ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಪ್ರತಿ ಬಾರಿಯೂ ಹೊಸದಾಗಿ ವಿಚಾರಿಸಬೇಕು. ನೆರವಿನ ಅರ್ಜಿಯಲ್ಲಿ ‘ಯಾವ ಅಂಗದ ಕ್ಯಾನ್ಸರ್’ ಎಂಬ ಕಾಲಂ ಇದೆ. ಗಡ್ಡೆ ಎದೆಯಲ್ಲಿದೆಯೆಂದು ಒಂದು ಕಚೇರಿಯವರು ‘ಶ್ವಾಸಕೋಶ’ ಎಂದು ಬರೆದರು. ಜರ್ಮ್ ಸೆಲ್ ಎಂಬ ಪದ ಕಂಡು ಇನ್ನೊಂದು ಕಚೇರಿಯವರು ‘ವೃಷಣ’ ಎಂದರು. ಹೀಗೆ ಹುಡುಗನಿಗೆ ಇಲ್ಲದ ಎರಡು ರೋಗಗಳು ದಾಖಲೆಯಾಗಿ, ಇರುವ ರೋಗಕ್ಕೆ ಮಾತ್ರ ಪುರಾವೆ ಸಾಲದೆಂಬ ತಕರಾರು ಬಂತು. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗಿದೆ. ಅದನ್ನು ಚಲಾಯಿಸಿದರೆ ಕಡತ ನಿಧಾನವಾಗುತ್ತದೆ, ಆದ್ದರಿಂದ ಈ ಸಲ ಮಲಯಾಳದಲ್ಲೇ ಬರೆಸಿದೆವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಎಲ್ಲಿಗೂ ಹೋಗಲಿಲ್ಲ, ರಾಜ್ಯವೇ ಬದಲಾಯಿತು ಎಂಬ ಸಂಗತಿಯನ್ನು ಎರಡೂ ಕಡೆಯ ಗುಮಾಸ್ತರಿಗೆ ವಿವರಿಸುವುದು ನಮ್ಮ ಮನೆತನದ ಕಸುಬೇ ಆಗಿದೆ.

ಗಡ್ಡೆಗೆ ಈ ವ್ಯವಧಾನವಿಲ್ಲ. ಕೀಮೋ 21 ದಿನಗಳಿಗೊಂದು ಸುತ್ತಿನಂತೆ ನಾಲ್ಕು ಸುತ್ತು ನಡೆಯಬೇಕು; ಮುಂದೆ ಎದೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಬ್ಲಿಯೋಮೈಸಿನ್ ಬಿಟ್ಟು ಎಟೊಪೊಸೈಡ್, ಐಫಾಸ್ಫಮೈಡ್, ಸಿಸ್‌ಪ್ಲಾಟಿನ್ ಕೊಡುತ್ತಿದ್ದಾರೆ. ಮೊದಲ ಸುತ್ತಿಗೆ ಮುನ್ನ ವೀರ್ಯ ಶೇಖರಿಸಿಡುವ ಮಾತನ್ನೂ ವೈದ್ಯರೇ ಎತ್ತಿದರು. ಅಕ್ಕ ಸಂಕೋಚದಿಂದ ಹೊರಗೆ ಹೋಗಿ ನಿಂತರೂ ಹುಡುಗ ಒಪ್ಪಿದ. ಬೆಂಗಳೂರಿನಲ್ಲಿಯೂ ಇವೇ ಔಷಧಿಗಳು, ಅಲ್ಲಿಯೂ ನಮ್ಮ ಚೀಟಿ ಕೇರಳದ್ದೇ. ನಿಮಗೆ ಸಹಾಯ ಮಾಡುವ ಮನಸ್ಸಿದ್ದರೆ, ಹೊರರಾಜ್ಯದ ರೋಗಿಗೆ ಅಲ್ಲಿ ಯಾವ ನೆರವು ಸಿಗುತ್ತದೆಂದು ವಿಚಾರಿಸಿ ತಿಳಿಸಿ; ಕಾಲಂನಲ್ಲಿ ‘ಮೀಡಿಯಾಸ್ಟೈನಮ್’ (ಎರಡು ಶ್ವಾಸಕೋಶಗಳ ನಡುವಿನ ಎದೆಯ ಭಾಗ) ಎಂದೇ ಬರೆಸುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ.